ಉಪಕರಣಕ್ಕೆ ಹಣವಿದೆ, ಅಧ್ಯಾಪಕರಿಗೆ ಸಮಯವಿಲ್ಲ: ಬೋಧನಾ ತಂತ್ರಜ್ಞಾನದಲ್ಲಿ ಕಾಲೇಜುಗಳ ಹೊಣೆ

ಕಾಲೇಜೊಂದು ಪಾಠ, ಪರೀಕ್ಷೆ, ಅಂಕಗಳನ್ನು ಆನ್‌ಲೈನ್‌ನಲ್ಲಿ ನಿಭಾಯಿಸುವ ಹೊಸ ಕಲಿಕಾ ನಿರ್ವಹಣಾ ತಂತ್ರಾಂಶವನ್ನು ಕೊಂಡಾಗ ಅದರ ಪರವಾನಗಿ ಶುಲ್ಕ, ಸರ್ವರ್ ವೆಚ್ಚ, ವಾರ್ಷಿಕ ನಿರ್ವಹಣೆಯ ಮೊತ್ತ ಎಲ್ಲವೂ ಒಪ್ಪಂದದಲ್ಲಿ ಸಾಲುಸಾಲಾಗಿ ದಾಖಲಾಗಿರುತ್ತವೆ. ಆದರೆ ಅದೇ ತಂತ್ರಾಂಶವನ್ನು ಕಲಿತು, ವರ್ಷಗಳಿಂದ ಸಿದ್ಧಪಡಿಸಿಕೊಂಡು ಬಂದ ಟಿಪ್ಪಣಿಗಳನ್ನು ಅದಕ್ಕೆ ಹೊಂದಿಸಿ, ಪ್ರಶ್ನೆಗಳನ್ನು ಹೊಸದಾಗಿ ಬರೆದು, ವಿದ್ಯಾರ್ಥಿಗಳ ಗೊಂದಲಗಳಿಗೆ ರಾತ್ರಿ ಹೊತ್ತು ಉತ್ತರಿಸುವ ಅಧ್ಯಾಪಕರ ಗಂಟೆಗಳು ಯಾವ ಲೆಕ್ಕಪತ್ರದಲ್ಲೂ ಕಾಣಿಸುವುದಿಲ್ಲ. ಬೋಧನೆಯಲ್ಲಿ ತಂತ್ರಜ್ಞಾನದ ಬಳಕೆ ಏಕೆ ಇಷ್ಟು ನಿಧಾನವಾಗಿ, ಇಷ್ಟು ಏರುಪೇರಾಗಿ ಸಾಗುತ್ತದೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ಉತ್ತರವನ್ನು ಅಧ್ಯಾಪಕರ ಮನೋಭಾವದಲ್ಲಿ ಹುಡುಕುವುದು ರೂಢಿಯಾಗಿದೆ. ಅದನ್ನು ಹುಡುಕಬೇಕಾದದ್ದು ಈ ದಾಖಲಾಗದ ಗಂಟೆಗಳಲ್ಲಿ ಎಂಬುದು ಈ ಲೇಖನದ ವಾದ.

ಅಧ್ಯಾಪಕರು ಹೊಸತನ್ನು ಒಲ್ಲರು ಎಂಬ ದೂರು ತೀರ ಹಳೆಯದು. 1913ರಲ್ಲೇ ಥಾಮಸ್ ಎಡಿಸನ್, ಶಾಲೆಗಳಲ್ಲಿ ಪುಸ್ತಕಗಳ ಕಾಲ ಬೇಗನೆ ಮುಗಿಯಲಿದೆ, ಚಲನಚಿತ್ರಗಳ ಮೂಲಕವೇ ಜ್ಞಾನದ ಎಲ್ಲ ಶಾಖೆಗಳನ್ನೂ ಕಲಿಸಬಹುದು ಎಂದಿದ್ದರು. ಅನಂತರ ರೇಡಿಯೊ ಬಂತು, ದೂರದರ್ಶನ ಬಂತು, 1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ಲೇಟೊ ಎಂಬ ಕಂಪ್ಯೂಟರ್ ಆಧಾರಿತ ಬೋಧನಾ ವ್ಯವಸ್ಥೆ ರೂಪುಗೊಂಡಿತು. ಈ ಇತಿಹಾಸವನ್ನು 1986ರಲ್ಲಿ ಪರಿಶೀಲಿಸಿದ ಶಿಕ್ಷಣ ಇತಿಹಾಸಕಾರ ಲ್ಯಾರಿ ಕ್ಯೂಬನ್, ಪ್ರತಿ ಉಪಕರಣದ ಕಥೆಯೂ ಒಂದೇ ಜಾಡಿನಲ್ಲಿ ಸಾಗಿದ್ದನ್ನು ಗುರುತಿಸಿದರು: ಮೊದಲು ಭಾರಿ ಉತ್ಸಾಹ, ಅದರ ಬೆನ್ನಿಗೆ ಅದನ್ನು ಸಮರ್ಥಿಸುವ ಅಧ್ಯಯನಗಳು, ಆಮೇಲೆ ನಿರಾಶೆ, ಕೊನೆಗೆ ಅಧ್ಯಾಪಕರ ಮೇಲೆ ಆರೋಪ. ಪ್ಲೇಟೊ ಯೋಜನೆಯ ಒಂದು ಸಂಗತಿ ಮಾತ್ರ ಇಂದಿಗೂ ನೆನೆಯತಕ್ಕದ್ದು. ಪ್ರೋಗ್ರಾಮಿಂಗ್ ಪರಿಣತಿ ಇಲ್ಲದ ಅಧ್ಯಾಪಕರೂ ತಮ್ಮ ಪಾಠಗಳನ್ನು ತಾವೇ ರಚಿಸಿಕೊಳ್ಳಲಿ ಎಂದು 1967ರಲ್ಲಿ ಅಲ್ಲಿ ಟ್ಯೂಟರ್ ಎಂಬ ಪ್ರತ್ಯೇಕ ಭಾಷೆಯನ್ನೇ ಸಿದ್ಧಪಡಿಸಲಾಯಿತು. ಯಂತ್ರಕ್ಕೆ ಅಧ್ಯಾಪಕರು ಒಗ್ಗಿಕೊಳ್ಳಲಿ ಎಂದು ಕಾಯದೆ ಅಧ್ಯಾಪಕರ ಕೆಲಸಕ್ಕೆ ಯಂತ್ರವನ್ನು ಒಗ್ಗಿಸುವ ಈ ದಿಕ್ಕು, ಮುಂದಿನ ದಶಕಗಳ ಖರೀದಿಗಳಲ್ಲಿ ಬಹುಮಟ್ಟಿಗೆ ಮರೆತುಹೋಯಿತು.

ಅಧ್ಯಾಪಕರಿಗೆ ಕಲಿಸಬೇಕಾದದ್ದು ಏನು ಎಂಬಲ್ಲೇ ಮೊದಲ ಗೊಂದಲವಿದೆ. ಸಾಮಾನ್ಯವಾಗಿ ನಡೆಯುವ ಒಂದು ದಿನದ ಕಾರ್ಯಾಗಾರದಲ್ಲಿ ಎಲ್ಲ ವಿಭಾಗಗಳವರನ್ನೂ ಒಂದೇ ಸಭಾಂಗಣದಲ್ಲಿ ಕೂರಿಸಿ, ಲಾಗಿನ್ ಆಗುವುದು, ಕಡತ ಸೇರಿಸುವುದು, ಕ್ವಿಜ್ ರಚಿಸುವುದು, ಅಂಕ ನಮೂದಿಸುವುದು ಹೇಗೆ ಎಂದು ಪರದೆಯ ಮೇಲೆ ತೋರಿಸಲಾಗುತ್ತದೆ. ಯಾವ ಗುಂಡಿ ಎಲ್ಲಿದೆ ಎಂಬುದು ಅಲ್ಲಿ ತಿಳಿಯುತ್ತದೆ. ಯಾವ ಪಾಠದಲ್ಲಿ, ಯಾವ ಘಟ್ಟದಲ್ಲಿ, ವಿದ್ಯಾರ್ಥಿಯ ಯಾವ ತೊಡಕನ್ನು ಬಿಡಿಸಲು ಅದನ್ನು ಒತ್ತಬೇಕು ಎಂಬುದು ತಿಳಿಯುವುದಿಲ್ಲ. ವಿಷಯವನ್ನು ಬಲ್ಲವರಾಗಿರುವುದು ಬೇರೆ, ಆ ವಿಷಯದಲ್ಲಿ ವಿದ್ಯಾರ್ಥಿಗಳು ಎಲ್ಲಿ ಎಡವುತ್ತಾರೆಂದು ಅರಿತು ಅದಕ್ಕೆ ತಕ್ಕ ಉದಾಹರಣೆಯನ್ನು ಹುಡುಕುವ ಜ್ಞಾನ ಬೇರೆ ಎಂದು ಶಿಕ್ಷಣ ಮನೋವಿಜ್ಞಾನಿ ಲೀ ಶುಲ್ಮನ್ 1986ರಲ್ಲಿ ವಿವರಿಸಿದ್ದರು. ಇದಕ್ಕೆ ತಂತ್ರಜ್ಞಾನದ ಆಯಾಮವನ್ನು ಸೇರಿಸಿದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ, ವಿಷಯ, ಬೋಧನಾ ವಿಧಾನ ಮತ್ತು ತಂತ್ರಜ್ಞಾನ ಈ ಮೂರೂ ಸೇರುವ ಜಾಗದಲ್ಲಿ ಹುಟ್ಟುವ ಅರಿವೇ ತರಗತಿಯಲ್ಲಿ ಕೆಲಸಕ್ಕೆ ಬರುವಂಥದ್ದು ಎಂದು ವಾದಿಸಿದರು.

ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ನೋಡಬಹುದು. ಸಂಖ್ಯಾಶಾಸ್ತ್ರ ಕಲಿಯುವ ವಿದ್ಯಾರ್ಥಿಗಳಲ್ಲಿ ಹಲವರು, ಒಂದು ಮಾದರಿಯೊಳಗಿನ ಅಂಕಿಗಳ ಹರಡುವಿಕೆಯನ್ನೂ ಅನೇಕ ಮಾದರಿಗಳ ಸರಾಸರಿಗಳ ಹರಡುವಿಕೆಯನ್ನೂ ಒಂದೇ ಎಂದು ತಿಳಿದುಬಿಡುತ್ತಾರೆ. ಒಂದೇ ಸಮೂಹದಿಂದ 1,000 ಸಲ ಮಾದರಿ ತೆಗೆದು, ಪ್ರತಿ ಸಲದ ಸರಾಸರಿಯನ್ನು ಚುಕ್ಕಿಯಾಗಿ ತೋರಿಸುವ ಸಿಮ್ಯುಲೇಶನ್ ಈ ಗೊಂದಲವನ್ನು ಬಿಡಿಸಬಲ್ಲದು. ಆದರೆ ಅದನ್ನು ನೇರವಾಗಿ ಓಡಿಸಿ ತೋರಿಸಿದರೆ ವಿದ್ಯಾರ್ಥಿಗಳು ಚಂದದ ಚಿತ್ರವೊಂದನ್ನು ಕಂಡು ಸುಮ್ಮನಾಗುತ್ತಾರೆ. ಓಡಿಸುವ ಮುನ್ನ ಚುಕ್ಕಿಗಳು ಎಷ್ಟು ಅಗಲಕ್ಕೆ ಹರಡುತ್ತವೆ ಎಂದು ಪ್ರತಿಯೊಬ್ಬರೂ ಊಹಿಸಿ ಬರೆದಿಡುವಂತೆ ಮಾಡಿದರೆ, ಊಹೆ ತಪ್ಪಾದ ಗಳಿಗೆಯಲ್ಲಿ ಕಲಿಕೆ ಆರಂಭವಾಗುತ್ತದೆ. ಈ ಸೂಕ್ಷ್ಮವನ್ನು ತಂತ್ರಾಂಶ ಕಂಪನಿಯ ತರಬೇತುದಾರರು ಹೇಳಿಕೊಡಲಾರರು. ಅದನ್ನು ಹೇಳಿಕೊಡಬಲ್ಲವರು ಅದೇ ಪಾಠವನ್ನು ಮಾಡಿ ಎಡವಿದ ಇನ್ನೊಬ್ಬ ಸಂಖ್ಯಾಶಾಸ್ತ್ರ ಅಧ್ಯಾಪಕರು, ಅಥವಾ ಅವರೊಡನೆ ಕುಳಿತು ಪಾಠ ಹೆಣೆಯಲು ಸಮಯವಿರುವ ಬೋಧನಾ ವಿನ್ಯಾಸಕರು. ಇತಿಹಾಸ ವಿಭಾಗದ ಅಗತ್ಯ ಇದಕ್ಕಿಂತ ತೀರ ಬೇರೆ: ಅಲ್ಲಿ ಹಳೆಯ ದಾಖಲೆಯೊಂದರ ಚಿತ್ರವನ್ನು ಮುಂದಿಟ್ಟುಕೊಂಡು ಇಡೀ ತರಗತಿ ಒಟ್ಟಿಗೆ ಟಿಪ್ಪಣಿ ಬರೆಯುವ ಸಾಧನ ಬೇಕಾಗಬಹುದು. ನರ್ಸಿಂಗ್ ವಿಭಾಗಕ್ಕೆ, ವಿದ್ಯಾರ್ಥಿಗಳು ತಮ್ಮ ಅಭ್ಯಾಸದ ವಿಡಿಯೊ ನೋಡಿ ತಾವೇ ತಿದ್ದಿಕೊಳ್ಳುವ ವ್ಯವಸ್ಥೆ ಮುಖ್ಯ. ಇವರೆಲ್ಲರಿಗೂ ಒಂದೇ ಕಾರ್ಯಾಗಾರ ಎಂದರೆ ಯಾರಿಗೂ ಅವರಿಗೆ ಬೇಕಾದದ್ದು ಸಿಗುವುದಿಲ್ಲ.

ಬಳಸಲು ಸುಲಭವಾಗಿದ್ದರೆ ಸಾಕು, ಅಧ್ಯಾಪಕರು ತಾವಾಗಿ ಬಳಸುತ್ತಾರೆ ಎಂಬ ನಂಬಿಕೆಯೂ ಆಡಳಿತ ವರ್ಗದಲ್ಲಿದೆ. ಹೊಸ ತಂತ್ರಜ್ಞಾನವನ್ನು ಜನ ಏಕೆ ಸ್ವೀಕರಿಸುತ್ತಾರೆ ಎಂದು ಅಧ್ಯಯನ ಮಾಡಿದ ಫ್ರೆಡ್ ಡೇವಿಸ್ 1989ರಲ್ಲಿ ಎರಡು ಅಂಶಗಳನ್ನು ಅಳೆದರು: ಇದು ನನ್ನ ಕೆಲಸಕ್ಕೆ ಉಪಯುಕ್ತ ಎಂಬ ಭಾವನೆ, ಮತ್ತು ಇದನ್ನು ಬಳಸುವುದು ಸುಲಭ ಎಂಬ ಭಾವನೆ. ಬಳಕೆಯೊಡನೆ ಹೆಚ್ಚು ಬಲವಾದ ನಂಟಿದ್ದದ್ದು ಮೊದಲನೆಯದಕ್ಕೆ. ಅವರು ಅಧ್ಯಯನ ಮಾಡಿದ್ದು ಕಚೇರಿ ಕೆಲಸದ ತಂತ್ರಾಂಶಗಳನ್ನಾದರೂ ಕಾಲೇಜಿಗೂ ಈ ಮಾತು ಸಲ್ಲುತ್ತದೆ ಎಂದು ನನಗನಿಸುತ್ತದೆ. ತಮ್ಮ ವಿದ್ಯಾರ್ಥಿಗಳ ನಿಜವಾದ ತೊಡಕೊಂದು ಇದರಿಂದ ಬಗೆಹರಿಯುತ್ತದೆ ಎಂದು ಕಂಡರೆ ಅಧ್ಯಾಪಕರು ಒರಟಾದ ಸಾಧನವನ್ನೂ ಸಹಿಸಿಕೊಂಡು ಬಳಸುತ್ತಾರೆ. ಕಾಣದಿದ್ದರೆ ನಯವಾದ ಸಾಧನವೂ ಮೂಲೆ ಸೇರುತ್ತದೆ. ಆದ್ದರಿಂದ ಬೆಂಬಲದ ಮಾತುಕತೆ ಆರಂಭವಾಗಬೇಕಾದದ್ದು ಉಪಕರಣದ ಪ್ರದರ್ಶನದಿಂದಲ್ಲ, ಈ ಸೆಮಿಸ್ಟರಿನಲ್ಲಿ ನಿಮ್ಮ ವಿದ್ಯಾರ್ಥಿಗಳು ಎಲ್ಲಿ ನಿಂತುಬಿಡುತ್ತಾರೆ ಎಂಬ ಪ್ರಶ್ನೆಯಿಂದ.

ಈ ಪ್ರಶ್ನೆಯಿಂದಲೇ ಹೊರಟವರು ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಾಜುರ್. ಲೆಕ್ಕಗಳನ್ನು ಸರಾಗವಾಗಿ ಬಿಡಿಸುವ ತಮ್ಮ ವಿದ್ಯಾರ್ಥಿಗಳು ನ್ಯೂಟನ್ನನ ನಿಯಮಗಳ ಕುರಿತ ಸರಳ ಪರಿಕಲ್ಪನಾ ಪ್ರಶ್ನೆಗಳಲ್ಲಿ ಮುಗ್ಗರಿಸುತ್ತಿದ್ದುದನ್ನು ಕಂಡ ಅವರು, 1990ರ ದಶಕದ ಆರಂಭದಲ್ಲಿ ತರಗತಿಯ ನಡುವೆ ಪ್ರಶ್ನೆ ಕೇಳಿ, ಪ್ರತಿಯೊಬ್ಬರೂ ಉತ್ತರ ಆಯ್ದುಕೊಂಡು, ಪಕ್ಕದವರೊಡನೆ ಚರ್ಚಿಸಿ, ಮತ್ತೊಮ್ಮೆ ಉತ್ತರಿಸುವ ಪದ್ಧತಿಯನ್ನು ತಂದರು. ಮುಂದೆ ಕ್ಲಿಕ್ಕರ್ ಎಂಬ ಪುಟ್ಟ ಉತ್ತರ ಸಾಧನಗಳು ಈ ಪದ್ಧತಿಯೊಂದಿಗೆ ಎಷ್ಟು ಬೆಸೆದುಕೊಂಡವೆಂದರೆ ಸಾಧನವೇ ಪದ್ಧತಿ ಎಂದು ಹಲವರು ತಿಳಿದರು. ಆದರೆ 2008ರಲ್ಲಿ ನಥಾನಿಯೆಲ್ ಲ್ಯಾಸ್ರಿ, ಕ್ಲಿಕ್ಕರ್ ಬಳಸಿದ ತರಗತಿಯನ್ನೂ ಉತ್ತರದ ಅಕ್ಷರವಿರುವ ಕಾಗದದ ಕಾರ್ಡ್ ಎತ್ತಿ ತೋರಿಸಿದ ತರಗತಿಯನ್ನೂ ಹೋಲಿಸಿದಾಗ ವಿದ್ಯಾರ್ಥಿಗಳ ಕಲಿಕೆಯಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಕ್ಲಿಕ್ಕರ್ ನಿರುಪಯೋಗಿ ಎಂದು ಇದರ ಅರ್ಥವಲ್ಲ. ಉತ್ತರಗಳನ್ನು ಎಣಿಸುವ, ದಾಖಲಿಸುವ ಶ್ರಮ ಅದರಿಂದ ಉಳಿಯುತ್ತದೆ. ಕಲಿಕೆಯನ್ನು ಹೆಚ್ಚಿಸಿದ್ದು ಪ್ರಶ್ನೆ ಮತ್ತು ಚರ್ಚೆ ಎಂಬುದಷ್ಟೇ ಇದರಿಂದ ಸ್ಪಷ್ಟವಾಗುತ್ತದೆ. ಕಾಲೇಜಿನ ಬಳಿ ಸೀಮಿತ ಹಣವಿದ್ದರೆ, ಅದನ್ನು ಸಾಧನಗಳಿಗಿಂತ ಮೊದಲು ಒಳ್ಳೆಯ ಪ್ರಶ್ನೆಗಳನ್ನು ರೂಪಿಸಲು ಅಧ್ಯಾಪಕರಿಗೆ ಬೇಕಾದ ಬಿಡುವಿಗೆ ವೆಚ್ಚ ಮಾಡುವುದು ವಿವೇಕ.

ಬಿಡುವಿನ ಮಾತು ಬಂದಾಗ ಲೆಕ್ಕವನ್ನು ಎದುರಿಗಿಟ್ಟುಕೊಂಡೇ ಮಾತನಾಡುವುದು ಒಳಿತು. 60 ವಿದ್ಯಾರ್ಥಿಗಳ ತರಗತಿಯಲ್ಲಿ ಪ್ರತಿಯೊಬ್ಬರ ಪ್ರಬಂಧಕ್ಕೂ 4 ನಿಮಿಷದ ಧ್ವನಿಮುದ್ರಿತ ಪ್ರತಿಕ್ರಿಯೆ ನೀಡಬೇಕೆಂದು ಅಧ್ಯಾಪಕರೊಬ್ಬರು ನಿರ್ಧರಿಸಿದರೆ, ಮಾತನಾಡುವುದಕ್ಕೇ 240 ನಿಮಿಷ, ಅಂದರೆ 4 ಗಂಟೆ ಬೇಕು. ಪ್ರಬಂಧ ಓದುವ ಹೊತ್ತು ಅದರ ಮೇಲೆ. ಸೆಮಿಸ್ಟರಿಗೆ ಇಂಥ ಮೂರು ಪ್ರಬಂಧಗಳಿದ್ದು, ಅವರು ಇಂಥ ಮೂರು ತರಗತಿಗಳಿಗೆ ಪಾಠ ಮಾಡುತ್ತಿದ್ದರೆ ಅದು 36 ಗಂಟೆಗಳಾಗುತ್ತದೆ. ವಿದ್ಯಾರ್ಥಿಗಳಿಗೆ ಇದರಿಂದ ಆಗುವ ಲಾಭ ದೊಡ್ಡದಿರಬಹುದು. ಆದರೆ ಕಾರ್ಯಭಾರದ ವೇಳಾಪಟ್ಟಿಯಲ್ಲಿ ಈ 36 ಗಂಟೆಗಳಿಗೆ ಜಾಗವಿಲ್ಲದಿದ್ದರೆ, ಅವು ಸಂಶೋಧನೆಯಿಂದಲೋ ನಿದ್ರೆಯಿಂದಲೋ ಮನೆಯವರ ಪಾಲಿನಿಂದಲೋ ಕಡಿತವಾಗಬೇಕು. ಮೊದಲ ಬಾರಿಗೆ ಕೋರ್ಸೊಂದನ್ನು ಮರುರೂಪಿಸುವ ಸೆಮಿಸ್ಟರಿನಲ್ಲಿ ಒಂದು ತರಗತಿಯ ಭಾರವನ್ನು ಇಳಿಸುವುದು, ಅದು ಸಾಧ್ಯವಿಲ್ಲದಲ್ಲಿ ಉತ್ತರಪತ್ರಿಕೆ ತಿದ್ದಲು ಸಹಾಯಕರನ್ನು ಕೊಡುವುದು, ಅದೂ ಆಗದಿದ್ದರೆ ಕನಿಷ್ಠ ಸಮಿತಿ ಕೆಲಸಗಳಿಂದ ಬಿಡುಗಡೆ ನೀಡುವುದು, ಇವು ಕಾಲೇಜು ನೀಡಬಹುದಾದ ಬೆಂಬಲಗಳಲ್ಲಿ ಅತ್ಯಂತ ಪರಿಣಾಮಕಾರಿಯಾದವು ಎಂದು ನಾನು ನಂಬುತ್ತೇನೆ. ಅತ್ಯಂತ ವಿರಳವಾಗಿ ಸಿಗುವ ಬೆಂಬಲವೂ ಇದೇ. ಏಕೆಂದರೆ ಉಪಕರಣವನ್ನು ಒಮ್ಮೆ ಕೊಂಡು ಉದ್ಘಾಟಿಸಬಹುದು; ಬಿಡುವನ್ನು ಪ್ರತಿ ವರ್ಷವೂ ಕೊಡಬೇಕಾಗುತ್ತದೆ.

ಅರೆಕಾಲಿಕ ಉಪನ್ಯಾಸಕರ ಸ್ಥಿತಿ ಇನ್ನೂ ಕಠಿಣ. ಅವರಿಗೆ ಸಿಗುವುದು ತರಗತಿಯ ಗಂಟೆಗಳ ಸಂಬಳ ಮಾತ್ರ. ತರಬೇತಿಗೆ ಬಂದ ದಿನಕ್ಕೆ ಸಂಭಾವನೆ ಇರುವುದಿಲ್ಲ, ಮುಂದಿನ ಸೆಮಿಸ್ಟರಿಗೆ ತಮ್ಮನ್ನು ಕರೆಯುತ್ತಾರೋ ಇಲ್ಲವೋ ತಿಳಿದಿರುವುದಿಲ್ಲ, ಒಪ್ಪಂದ ಮುಗಿದೊಡನೆ ಖಾತೆ ಮುಚ್ಚಿಹೋದರೆ ತಾವೇ ಕಟ್ಟಿದ ಆನ್‌ಲೈನ್ ಕೋರ್ಸನ್ನು ಮತ್ತೆ ನೋಡುವುದೂ ಆಗುವುದಿಲ್ಲ. ಮೊದಲ ವರ್ಷದ ದೊಡ್ಡ ತರಗತಿಗಳನ್ನು ಇವರೇ ನಡೆಸುವ ಸಂಸ್ಥೆಗಳಲ್ಲಿ, ಇವರನ್ನು ಹೊರಗಿಟ್ಟು ರೂಪಿಸಿದ ಯಾವ ಬೆಂಬಲ ಯೋಜನೆಯೂ ಬಹುಪಾಲು ವಿದ್ಯಾರ್ಥಿಗಳನ್ನು ಮುಟ್ಟುವುದಿಲ್ಲ. ತರಬೇತಿಯ ಗಂಟೆಗಳಿಗೂ ಸಂಬಳ ಕೊಡುವುದು ಇಲ್ಲಿ ಔದಾರ್ಯದ ಪ್ರಶ್ನೆಯಲ್ಲ. ಅದು ಮಾಡಿದ ಕೆಲಸಕ್ಕೆ ಸಲ್ಲಬೇಕಾದ ಕೂಲಿ.

ಸಮಯ ಸಿಕ್ಕರೂ, ಒಂಟಿಯಾಗಿ ಕಲಿತದ್ದು ತರಗತಿಯಲ್ಲಿ ಬೇರೂರುವುದು ಕಷ್ಟ. 1980ರ ದಶಕದಲ್ಲಿ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಶಿಕ್ಷಕರ ತರಬೇತಿಯ ಬಗ್ಗೆ ಮಂಡಿಸಿದ ವಿಚಾರದ ತಿರುಳು ಇದು: ವಿವರಣೆ ಕೇಳಿದರೂ, ಪ್ರಾತ್ಯಕ್ಷಿಕೆ ನೋಡಿದರೂ, ಕಾರ್ಯಾಗಾರದಲ್ಲೇ ಅಭ್ಯಾಸ ಮಾಡಿದರೂ, ತಮ್ಮದೇ ತರಗತಿಗೆ ಮರಳಿದ ಮೇಲೆ ಪಕ್ಕದಲ್ಲಿ ನಿಂತು ಸಲಹೆ ನೀಡುವವರಿಲ್ಲದಿದ್ದರೆ ಹೊಸ ಕೌಶಲ ಉಳಿಯುವುದು ಕಡಿಮೆ. ಕಾಲೇಜುಗಳಲ್ಲಿ ಇದನ್ನು ಸರಳವಾಗಿಯೇ ಮಾಡಬಹುದು. ವಿಭಾಗದಲ್ಲಿ ಒಬ್ಬಿಬ್ಬರಿಗೆ ವಾರಕ್ಕೆ ಕೆಲವು ಗಂಟೆಗಳ ಬಿಡುವು ಕೊಟ್ಟು, ಸಹೋದ್ಯೋಗಿಗಳ ತರಗತಿಗೆ ಹೋಗಿ ಕೂರುವ, ಪಾಠ ಮುಗಿದ ಮೇಲೆ ಅರ್ಧ ಗಂಟೆ ಮಾತನಾಡುವ ಹೊಣೆಯನ್ನು ವಹಿಸಬಹುದು. ಇವರ ವರದಿ ಪ್ರಾಂಶುಪಾಲರಿಗೆ ಹೋಗಕೂಡದು ಎಂಬುದು ಮುಖ್ಯ ಷರತ್ತು. ಗಮನಿಸಲು ಬಂದವರು ಮೌಲ್ಯಮಾಪನಕ್ಕೂ ಬಂದಿದ್ದಾರೆಂಬ ಅನುಮಾನ ಹುಟ್ಟಿದ ದಿನವೇ ಅಧ್ಯಾಪಕರು ತಮಗೆ ಚೆನ್ನಾಗಿ ಗೊತ್ತಿರುವ ಹಳೆಯ ಪಾಠವನ್ನೇ ಮಾಡಿ ತೋರಿಸುತ್ತಾರೆ. ತಾಂತ್ರಿಕ ಸಹಾಯದ ವಿಷಯ ಹೆಚ್ಚು ವಿವರಿಸಬೇಕಾದದ್ದಲ್ಲ: ಪ್ರೊಜೆಕ್ಟರ್ ಕೈಕೊಟ್ಟರೆ ಮರುದಿನ ಬರುವ ನೆರವಿನಿಂದ ಆ ದಿನದ ಪಾಠ ಉಳಿಯುವುದಿಲ್ಲ.

ಹೊಸ ವಿಧಾನದ ಮೊದಲ ಸೆಮಿಸ್ಟರ್ ಅಧ್ಯಾಪಕರ ಪಾಲಿಗೆ ಅಪಾಯಕಾರಿಯೂ ಹೌದು. ಹಾರ್ವರ್ಡ್‌ನಲ್ಲಿ ಲೂಯಿ ಡೆಲೋರಿಯರ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಟುವಟಿಕೆ ಆಧಾರಿತ ಭೌತಶಾಸ್ತ್ರ ತರಗತಿಯಲ್ಲಿ ಕುಳಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಕಲಿತದ್ದನ್ನು ತೋರಿಸಿದರೂ, ತಾವು ಕಲಿತದ್ದು ಕಡಿಮೆ ಎಂದೇ ಭಾವಿಸಿದ್ದರು. ನಯವಾದ ಉಪನ್ಯಾಸ ಕೇಳಿದವರು ಕಡಿಮೆ ಕಲಿತೂ ಹೆಚ್ಚು ಕಲಿತೆವೆಂದುಕೊಂಡಿದ್ದರು. ತಲೆಗೆ ಕೆಲಸ ಕೊಡುವ ತರಗತಿ ವಿದ್ಯಾರ್ಥಿಗೆ ತನ್ನ ಅರಿವಿನ ಕೊರತೆಯನ್ನೂ ಕಾಣಿಸುತ್ತದೆ, ಅದು ಹಿತವಾದ ಅನುಭವವಲ್ಲ. ಇನ್ನು ವಿದ್ಯಾರ್ಥಿಗಳ ಅಭಿಪ್ರಾಯ ಸಮೀಕ್ಷೆಯ ಅಂಕಗಳ ಮೇಲೆ ಬಡ್ತಿಯನ್ನೋ ಒಪ್ಪಂದದ ಮುಂದುವರಿಕೆಯನ್ನೋ ನಿರ್ಧರಿಸುವ ಕಾಲೇಜಿನಲ್ಲಿ, ಪ್ರಯೋಗಕ್ಕೆ ಮುಂದಾಗುವವರು ಯಾರು? ಹೊಸದಾಗಿ ರೂಪಿಸಿದ ಕೋರ್ಸಿನ ಮೊದಲ ಎರಡು ಸಲದ ಸಮೀಕ್ಷೆಯನ್ನು ಸೇವಾ ದಾಖಲೆಗೆ ಸೇರಿಸದಿರುವ ಒಂದು ಸಣ್ಣ ನಿಯಮ, ಪ್ರೋತ್ಸಾಹದ ಹತ್ತು ಸುತ್ತೋಲೆಗಳಿಗಿಂತ ಹೆಚ್ಚಿನ ಧೈರ್ಯ ಕೊಡುತ್ತದೆ. ಬಡ್ತಿಯ ಮಾನದಂಡಗಳಲ್ಲಿ ಪ್ರಕಟಿತ ಲೇಖನಕ್ಕೆ ಅಂಕವಿದ್ದು, ಸಹೋದ್ಯೋಗಿಗಳೂ ಬಳಸುವಂಥ ಒಳ್ಳೆಯ ಕೋರ್ಸ್ ಕಟ್ಟಿದ್ದಕ್ಕೆ ಏನೂ ಇಲ್ಲದಿದ್ದರೆ, ಸಂಸ್ಥೆ ನಿಜವಾಗಿ ಯಾವುದಕ್ಕೆ ಬೆಲೆ ಕೊಡುತ್ತದೆ ಎಂಬುದು ಯಾರಿಗೂ ಹೇಳಬೇಕಾಗುವುದಿಲ್ಲ.

ಅಧ್ಯಾಪಕರನ್ನು ಕೇಳದೆ ತೀರ್ಮಾನಿಸಿದಾಗ ಏನಾಗುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದ 2013ರ ಅನುಭವ ಸಾಕ್ಷಿ. ಆ ವರ್ಷ ಅದು ಯುಡಾಸಿಟಿ ಕಂಪನಿಯೊಡನೆ ಆರಂಭಿಸಿದ ಆನ್‌ಲೈನ್ ಕೋರ್ಸುಗಳಲ್ಲಿ ಉತ್ತೀರ್ಣರಾದವರ ಪ್ರಮಾಣ ಕಡಿಮೆಯಾದ್ದರಿಂದ ಜುಲೈ ಹೊತ್ತಿಗೆ ಯೋಜನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅದೇ ವರ್ಷ ಅಲ್ಲಿನ ತತ್ತ್ವಶಾಸ್ತ್ರ ವಿಭಾಗದ ಅಧ್ಯಾಪಕರು, ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ವೇದಿಕೆಯ ಮೂಲಕ ಬರುವ, ಹಾರ್ವರ್ಡ್‌ನ ತತ್ತ್ವಶಾಸ್ತ್ರಜ್ಞ ಮೈಕೆಲ್ ಸ್ಯಾಂಡೆಲ್ ಅವರ ಕೋರ್ಸನ್ನು ತಮ್ಮ ತರಗತಿಗಳಲ್ಲಿ ಬಳಸಲು ನಿರಾಕರಿಸಿ, ಅವರಿಗೇ ಬಹಿರಂಗ ಪತ್ರ ಬರೆದರು. ಧ್ವನಿಮುದ್ರಿತ ಉಪನ್ಯಾಸಗಳು ಬಂದರೆ ವಿಭಾಗಗಳೇ ಕರಗಿಹೋಗಬಹುದು, ಸಿರಿವಂತ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಪ್ರಾಧ್ಯಾಪಕರೂ ಉಳಿದವರಿಗೆ ಅವರ ವಿಡಿಯೊಗಳೂ ಎಂಬ ಎರಡು ಬಗೆಯ ಶಿಕ್ಷಣ ಹುಟ್ಟಬಹುದು ಎಂಬುದು ಅವರ ಆತಂಕವಾಗಿತ್ತು. ಇದನ್ನು ತಂತ್ರಜ್ಞಾನದ ಭಯ ಎಂದು ತಳ್ಳಿಹಾಕುವುದು ಅನ್ಯಾಯ. ತಮ್ಮ ವಿದ್ಯಾರ್ಥಿಗಳನ್ನು ಹತ್ತಿರದಿಂದ ಬಲ್ಲವರು ತಮ್ಮ ಕೆಲಸದ ಬಗ್ಗೆ ಹೇಳಿದ ಮಾತು ಅದು.

ಧ್ವನಿಮುದ್ರಿತ ಪಾಠಗಳ ಒಡೆತನವೂ ಇದಕ್ಕೆ ಸೇರಿದ ಪ್ರಶ್ನೆ. 2021ರ ಜನವರಿಯಲ್ಲಿ ಕೆನಡಾದ ಕಾಂಕಾರ್ಡಿಯಾ ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸದ ಆನ್‌ಲೈನ್ ಕೋರ್ಸ್ ಓದುತ್ತಿದ್ದ ವಿದ್ಯಾರ್ಥಿಯೊಬ್ಬರು, ಪ್ರಾಧ್ಯಾಪಕರಿಗೆ ಪ್ರಶ್ನೆ ಬರೆಯಲೆಂದು ವಿಳಾಸ ಹುಡುಕಿದಾಗ ಅವರು 2019ರಲ್ಲೇ ತೀರಿಕೊಂಡಿದ್ದ ಸಂಗತಿ ತಿಳಿಯಿತು. ಕೋರ್ಸನ್ನು ಬೇರೆ ಬೋಧಕರು ನಡೆಸುತ್ತಿದ್ದರಾದರೂ ಉಪನ್ಯಾಸಗಳು ತೀರಿಕೊಂಡವರದೇ ಆಗಿದ್ದವು. ತಾನು ಧ್ವನಿಮುದ್ರಿಸಿದ ಪಾಠ ಎಷ್ಟು ವರ್ಷ, ಯಾರ ತರಗತಿಯಲ್ಲಿ, ಯಾರ ಅನುಮತಿಯಿಂದ ಓಡುತ್ತದೆ ಎಂಬುದಕ್ಕೆ ಲಿಖಿತ ಉತ್ತರವಿಲ್ಲದ ಕಾಲೇಜಿನಲ್ಲಿ ಅಧ್ಯಾಪಕರು ಕ್ಯಾಮೆರಾದ ಮುಂದೆ ನಿಲ್ಲಲು ಹಿಂಜರಿದರೆ ಅದಕ್ಕೆ ಕಾರಣವಿದೆ.

ಎಲ್ಲರಿಗೂ ದಕ್ಕುವಂಥ ಪಾಠ ಸಾಮಗ್ರಿಯ ವಿಷಯದಲ್ಲೂ ಹೊಣೆ ಸದ್ದಿಲ್ಲದೆ ಅಧ್ಯಾಪಕರ ಹೆಗಲಿಗೆ ಜಾರುತ್ತಿದೆ. ಅಮೆರಿಕದ ನ್ಯಾಯ ಇಲಾಖೆ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿಯಮವು ಸಾರ್ವಜನಿಕ ಕಾಲೇಜುಗಳೂ ಸೇರಿದಂತೆ ಸ್ಥಳೀಯ ಮತ್ತು ರಾಜ್ಯ ಸರ್ಕಾರಿ ಸಂಸ್ಥೆಗಳ ಜಾಲತಾಣ ಹಾಗೂ ಡಿಜಿಟಲ್ ಸಾಮಗ್ರಿ ಅಂಗವಿಕಲರೂ ಬಳಸಬಲ್ಲಂತಿರಬೇಕೆಂಬ ಡಬ್ಲ್ಯುಸಿಎಜಿ 2.1 ಎಂಬ ಮಾನದಂಡಕ್ಕೆ ಹೊಂದಬೇಕೆಂದು ವಿಧಿಸಿತು. ಉದ್ದೇಶ ಪ್ರಶ್ನಾತೀತ: ಕಿವಿ ಕೇಳದ ವಿದ್ಯಾರ್ಥಿಗೆ ಮಾತಿನ ಅಡಿಬರಹಗಳಿಲ್ಲದ ವಿಡಿಯೊ, ಕಣ್ಣು ಕಾಣದ ವಿದ್ಯಾರ್ಥಿಗೆ ಬರಿಯ ಚಿತ್ರವಾಗಿ ಸ್ಕ್ಯಾನ್ ಮಾಡಿದ ಪುಟ, ಎರಡೂ ಮುಚ್ಚಿದ ಬಾಗಿಲುಗಳು. ಆದರೆ ಗಣಿತದ ಉಪನ್ಯಾಸವೊಂದರ ತಾನಾಗಿ ಮೂಡಿದ ಅಡಿಬರಹಗಳನ್ನು ಸಾಲುಸಾಲಾಗಿ ತಿದ್ದುವುದು, ಪ್ರತಿ ಸಮೀಕರಣವನ್ನೂ, ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಅರ್ಥವಾಗುವಂತೆ ಮರಳಿ ಬರೆಯುವುದು ತಾಳ್ಮೆ ಬೇಡುವ ಪರಿಣತ ಕೆಲಸ. ಇದಕ್ಕೆ ಪ್ರತ್ಯೇಕ ಸಿಬ್ಬಂದಿಯನ್ನು ನೇಮಿಸದೆ ಅಧ್ಯಾಪಕರಿಗೆ ಕೈಪಿಡಿಯೊಂದನ್ನು ಕಳುಹಿಸಿ ಸುಮ್ಮನಾಗುವ ಕಾಲೇಜು, ಆ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಒಟ್ಟಿಗೆ ಅನ್ಯಾಯ ಮಾಡುತ್ತದೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಎಲ್ಲ ಕೊರತೆಗಳೂ ಒಮ್ಮೆಗೇ ಎದ್ದು ಕಂಡವು. ಉಳಿದ ಉಪಕರಣಗಳನ್ನು ಕೊಳ್ಳಬೇಕೋ ಬೇಡವೋ ಎಂದು ಕಾಲೇಜು ನಿರ್ಧರಿಸುತ್ತಿತ್ತು. ಇದು ಯಾರನ್ನೂ ಕೇಳದೆ ವಿದ್ಯಾರ್ಥಿಗಳ ಕೈಯಲ್ಲೇ ತರಗತಿಗೆ ಬಂತು. ಅನೇಕ ಸಂಸ್ಥೆಗಳು ಮೊದಲು ಮೊರೆಹೋದದ್ದು ಯಂತ್ರ ಬರೆದ ಬರಹವನ್ನು ಪತ್ತೆ ಹಚ್ಚುವ ತಂತ್ರಾಂಶಗಳಿಗೆ. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ತಂದ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು ಅದೇ ವರ್ಷದ ಜುಲೈನಲ್ಲಿ ಹಿಂತೆಗೆದುಕೊಂಡಿತು. ಆಗಸ್ಟ್‌ನಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ, ತಪ್ಪು ಆರೋಪಗಳ ಸಾಧ್ಯತೆಯನ್ನೂ ಸಾಧನದ ಒಳಗುಟ್ಟು ತಿಳಿಯದಿರುವುದನ್ನೂ ಕಾರಣವಾಗಿ ಹೇಳಿ, ನಕಲು ಬರಹವನ್ನು ಗುರುತಿಸುವ ಟರ್ನಿಟಿನ್ ತಂತ್ರಾಂಶದ ಇಂಥದೇ ಪತ್ತೆ ಸೌಲಭ್ಯವನ್ನು ನಿಲ್ಲಿಸಿತು. ಇಂಗ್ಲಿಷ್ ಮಾತೃಭಾಷೆಯಲ್ಲದವರ ಬರಹಗಳನ್ನು ಇಂಥ ಸಾಧನಗಳು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸುವುದು ಹೆಚ್ಚು ಎಂದು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅದೇ ವರ್ಷ ತೋರಿಸಿದರು. ಹೀಗಿದ್ದೂ, ಕೃತಕ ಬುದ್ಧಿಮತ್ತೆಯ ಬಳಕೆಯನ್ನು ಎಷ್ಟರಮಟ್ಟಿಗೆ ಒಪ್ಪಬೇಕೆಂಬ ನಿರ್ಧಾರವನ್ನು ಒಬ್ಬೊಬ್ಬ ಅಧ್ಯಾಪಕರಿಗೇ ಬಿಟ್ಟು, ನಿಮ್ಮ ಪಠ್ಯಕ್ರಮದ ಹಾಳೆಯಲ್ಲಿ ಒಂದು ಸಾಲು ಬರೆಯಿರಿ ಎನ್ನುವ ಸಂಸ್ಥೆಗಳಿವೆ. ಒಂದು ತರಗತಿಯಲ್ಲಿ ಒಪ್ಪಿತವಾದದ್ದು ಪಕ್ಕದ ಕೋಣೆಯಲ್ಲಿ ಅಪರಾಧವಾಗುವ ಈ ಸ್ಥಿತಿಯಲ್ಲಿ, ಅನುಮಾನ ಬಂದ ಪ್ರತಿ ಪ್ರಕರಣದ ವಿಚಾರಣೆಯೂ ಅಧ್ಯಾಪಕರ ಹೆಗಲಿಗೇ ಬೀಳುತ್ತದೆ. ಇಲ್ಲಿ ಬೇಕಾದ ಬೆಂಬಲ ಇನ್ನೊಂದು ತಂತ್ರಾಂಶವಲ್ಲ. ಯಾವ ಕೌಶಲವನ್ನು ವಿದ್ಯಾರ್ಥಿ ಯಂತ್ರದ ನೆರವಿಲ್ಲದೆ ಕಲಿಯಲೇಬೇಕು, ಯಾವುದರಲ್ಲಿ ನೆರವು ಪಡೆಯಬಹುದು, ಅದನ್ನು ಅಳೆಯಲು ಮೌಖಿಕ ಪರೀಕ್ಷೆ ಬೇಕೇ, ತರಗತಿಯಲ್ಲೇ ಬರೆಸಬೇಕೇ, ಕರಡುಗಳನ್ನೂ ತರಿಸಿ ನೋಡಬೇಕೇ ಎಂದು ಇಡೀ ವಿಭಾಗ ಕುಳಿತು ಚರ್ಚಿಸಲು ಕೆಲವು ಪೂರ್ಣ ದಿನಗಳು, ಆಮೇಲೆ ಹಾಗೆ ಅಳೆಯಲು ಬೇಕಾಗುವ ಹೆಚ್ಚುವರಿ ಗಂಟೆಗಳು. 60 ವಿದ್ಯಾರ್ಥಿಗಳಿಗೆ ತಲಾ 15 ನಿಮಿಷದ ಮೌಖಿಕ ಪರೀಕ್ಷೆ ಎಂದರೆ 15 ಗಂಟೆಗಳು. ಆ ಲೆಕ್ಕವನ್ನು ಒಪ್ಪದೆ ಮೌಲ್ಯಮಾಪನವನ್ನು ಬದಲಿಸಿ ಎನ್ನಲಾಗದು.

ಕೊನೆಯಲ್ಲಿ ಅಳತೆಯ ಬಗ್ಗೆ ಒಂದು ಮಾತು. ಎಷ್ಟು ಮಂದಿ ಲಾಗಿನ್ ಆದರು, ಎಷ್ಟು ಕಡತಗಳು ಸೇರಿದವು, ಎಷ್ಟು ಕಾರ್ಯಾಗಾರಗಳು ನಡೆದವು ಎಂಬ ಅಂಕಿಗಳು ವಾರ್ಷಿಕ ವರದಿಗೆ ಸುಲಭವಾಗಿ ಒದಗುತ್ತವೆ, ಆದರೆ ಹಳೆಯ ಟಿಪ್ಪಣಿಗಳನ್ನು ಹಾಗೆಯೇ ಪಿಡಿಎಫ್ ಮಾಡಿ ಹಾಕಿದ ಅಧ್ಯಾಪಕರೂ ಅವುಗಳಲ್ಲಿ ಯಶಸ್ವಿ ಬಳಕೆದಾರರಾಗಿ ಕಾಣುತ್ತಾರೆ. ಒಂದು ಸಾಧನವನ್ನು ಪ್ರಾಮಾಣಿಕವಾಗಿ ಎರಡು ಸೆಮಿಸ್ಟರ್ ಬಳಸಿ, ತಮ್ಮ ವಿಷಯಕ್ಕೆ ಅದು ಒದಗುವುದಿಲ್ಲವೆಂದು ಕಂಡು ಕೈಬಿಟ್ಟವರು ಈ ಅಂಕಿಗಳಲ್ಲಿ ವಿಫಲರು. ವಾಸ್ತವದಲ್ಲಿ ಕಾಲೇಜಿಗೆ ಅತ್ಯಂತ ಉಪಯುಕ್ತವಾದ ಮಾಹಿತಿ ಇರುವುದು ಇವರ ಬಳಿಯೇ. ಪರವಾನಗಿ ನವೀಕರಣದ ಸಭೆಯಲ್ಲಿ ಕಂಪನಿಯ ಪ್ರತಿನಿಧಿಗಳಿಗೆ ಒಂದು ಗಂಟೆ ಸಿಗುವುದಾದರೆ, ಅವರು ಮಾತು ಆರಂಭಿಸುವ ಮುನ್ನ ಇವರಿಗೂ ಒಂದು ಗಂಟೆ ಸಿಗಬೇಕು, ಮತ್ತು ಆ ಗಂಟೆ ಈ ಅಧ್ಯಾಪಕರ ಕಾರ್ಯಭಾರದಲ್ಲಿ ಲೆಕ್ಕಕ್ಕೆ ಬರಬೇಕು.